ಸವೆದ ಕೀಲು

ದಿನಬಳಕೆಯ ವಸ್ತುಗಳು ಒಂದೇ ದಿನದಲ್ಲಿ ಕೆಟ್ಟುಹೋಗುವುದು ಅಪರೂಪ. ಬಾವಿಯ ಹಗ್ಗವು ಎಳೆಎಳೆಯಾಗಿ ಸವೆಯುವುದು. ಒರಳಿನ ಗುಳಿಯು ವರ್ಷದ ಮೇಲೆ ವರ್ಷ ತೇಯುತ್ತ ಆಳವಾಗುವುದು. ಬಾಗಿಲ ತಿರುಗಣಿಯು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಕುಸಿಯುವುದು. ಹೀಗೆ ಮೆಲ್ಲಮೆಲ್ಲನೆ ಬರುವ ಸವೆತವು ತನ್ನ ಬರವನ್ನು ಸಾರಿಕೊಂಡೇ ಬರುತ್ತದೆ. ಆದರೂ ಅದು ನಮ್ಮ ಗಮನಕ್ಕೆ ಬಾರದಿರಲು ಕಾರಣವೇನು? ಕುಸಿದ ಬಾಗಿಲನ್ನು ಎಡಗೈಯಿಂದ ತುಸು ಮೇಲಕ್ಕೆತ್ತಿ ತಳ್ಳಿದರೆ ಅಗುಳಿ ಕೂಡುವುದೆಂದು ಮನೆಯವರ ಕೈಗಳು ತಾವಾಗಿಯೇ ಕಲಿತುಕೊಂಡಿರುತ್ತವೆ. ಅವರಿಗೆ ಬಾಗಿಲು ಸರಿಯಾಗಿಯೇ ಇದೆ. ಮನೆಗೆ ಬಂದ ನೆಂಟರು ಮಾತ್ರ ಅಗುಳಿ ಹಾಕಲಾರದೆ ಬಾಗಿಲ ಮುಂದೆ ತಬ್ಬಿಬ್ಬಾಗಿ ನಿಲ್ಲುವರು.

ಬಾಗಿಲ ವಿಷಯದಲ್ಲಿ ಇದು ನಗೆಗೆ ಎಡೆಯಾದೀತು. ಆದರೆ ಓಡುವ ಗಾಡಿಯ ವಿಷಯದಲ್ಲಿ ಇದೇ ಸಂಗತಿಯು ಪ್ರಾಣಕ್ಕೆ ಸಂಬಂಧಪಟ್ಟದ್ದಾಗುವುದು. ಇಂದು ನಮ್ಮ ಮಲೆನಾಡಿನ ತೋಟಗಾರರ ಮನೆಗಳಲ್ಲಿ ಎತ್ತಿನ ಗಾಡಿಯು ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಪಿಕಪ್ ಗಾಡಿಯು ನಿಂತಿದೆ. ಅಡಿಕೆಯ ಮೂಟೆ, ಗೊಬ್ಬರ, ಬಾಳೆಗೊನೆ, ಹುಲ್ಲು, ಮದುವೆ ಮುಂಜಿಗಳ ಪಾತ್ರೆ ಪಡಗ, ಎಲ್ಲವನ್ನೂ ಹೊರುವುದು ಅದೇ. ಎತ್ತುಗಳಿಗೆ ಕಾಲು ನೊಂದರೆ ಅವು ಕುಂಟುವುವು. ನೋಡಿದವರಿಗೆಲ್ಲ ಅದು ತಿಳಿಯುವುದು. ಕಬ್ಬಿಣದ ಈ ಎತ್ತು ನೊಂದುದನ್ನು ತಿಳಿಯುವ ಬಗೆ ಹೇಗೆಂಬುದನ್ನು ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗದ ಮೂಲಕ ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ಗಾಡಿಯ ಗಾಲಿಗಳು ತಿರುಗುವ ಕ್ರಮವನ್ನು ಸ್ವಲ್ಪ ವಿಚಾರಿಸೋಣ. ಎರಡು ಗಾಲಿಯ ಎತ್ತಿನ ಗಾಡಿಗೆ ಈ ತೊಡಕಿಲ್ಲ. ಎತ್ತುಗಳು ತಿರುಗಿದರೆ ಗಾಡಿಯೂ ತಿರುಗಿತು. ನಮ್ಮ ದೇವಸ್ಥಾನಗಳ ತೇರಿಗೆ ಗಾಲಿಗಳು ಬಹಳ, ತಿರುಗುವ ಏರ್ಪಾಡು ಮಾತ್ರ ಇಲ್ಲ. ಆದಕಾರಣ ಗಾಲಿಯ ಅಡಿಗೆ ಮರದ ದಪ್ಪ ಬೆಣೆಗಳನ್ನು ಕೊಟ್ಟು ಅದನ್ನು ದಾರಿಗೆ ತರಬೇಕಾಗುವುದು. ಯೂರೋಪಿನ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ನಡುವಿನ ಒಂದು ಗೂಟದ ಮೇಲೆ ಇಡಿಯಾಗಿ ತಿರುಗುತ್ತಿದ್ದಿತು. ಬಲವಾಗಿ ತಿರುಗಿಸಿದರೆ ಗಾಡಿ ಮಗುಚುವ ಭಯವಿದ್ದಿತು. ಇದನ್ನು ತಪ್ಪಿಸಲು ಮ್ಯೂನಿಕ್ ನಗರದ ಗಾಡಿ ತಯಾರಕನಾದ ಗೇಯೋರ್ಗ್ ಲಾಂಕೆನ್‌ಸ್ಪೆರ್ಗರ್ ಎಂಬಾತನು ಒಂದು ಉಪಾಯವನ್ನು ಕಂಡುಹಿಡಿದನು. ಅಚ್ಚು ಕದಲದೆ ನಿಂತಿರಬೇಕು. ಅದರ ಎರಡು ತುದಿಗಳಲ್ಲಿ ಗಾಲಿಗಳು ಮಾತ್ರ ಬೇರೆಬೇರೆಯಾಗಿ ತಿರುಗಬೇಕು. ಎರಡನ್ನೂ ಒಂದು ಕಂಬಿಯು ಕೂಡಿಸಿರಬೇಕು. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದವನು ರುಡಾಲ್ಫ್ ಆಕರ್ಮನ್ ಎಂಬ ಪುಸ್ತಕ ಪ್ರಕಾಶಕ. ಲೋಕವು ಆ ಉಪಾಯವನ್ನು ಇಂದಿಗೂ ಕರೆಯುವುದು ಆಕರ್ಮನ್ನನ ಹೆಸರಿನಿಂದಲೇ!

ಇದರ ತತ್ವವು ಸುಲಭವಾದುದು. ತಿರುವಿನಲ್ಲಿ ಒಳಮಗ್ಗುಲಿನ ಗಾಲಿಯು ಸಣ್ಣ ವರ್ತುಲದಲ್ಲಿಯೂ ಹೊರಮಗ್ಗುಲಿನದು ದೊಡ್ಡ ವರ್ತುಲದಲ್ಲಿಯೂ ನಡೆಯಬೇಕಾಗಿರುವುದರಿಂದ, ಒಳಗಿನದು ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಕುದುರೆಗಾಡಿಗಾಗಿ ಹುಟ್ಟಿದ ಈ ಏರ್ಪಾಡು ಮೋಟಾರಿನಲ್ಲಿಯೂ ಮುಂದುವರಿದಿದೆ. ಚಾಲಕನು ಹಿಡಿಯುವ ಕೈಚಕ್ರದ ದಂಡವು ಕೆಳಗಿಳಿದು ಹಲ್ಲುಗಳ ಒಂದು ಪೆಟ್ಟಿಗೆಯನ್ನು ಸೇರುವುದು. ಅಲ್ಲಿಂದ ಎಡಕ್ಕೂ ಬಲಕ್ಕೂ ಕಂಬಿಗಳು ಹೊರಟು ಮುಂಗಾಲಿಗಳನ್ನು ಮುಟ್ಟುವುವು. ಈ ಕಂಬಿಯು ಗಾಲಿಯನ್ನು ಸೇರುವ ಕೊನೆಯ ಕೀಲಿಗೆ ಗ್ಯಾರೇಜಿನವರು ‘ಟೈ ರಾಡ್ ಎಂಡ್’ ಎಂದು ಹೇಳುವರು.

ಈ ಕೀಲು ನೋಡಲು ಅಲ್ಪವಾದುದು. ಒಂದು ಅಂಗೈಯಲ್ಲಿ ಅಡಗುವುದು. ನಮ್ಮ ತೋಳು ಹೆಗಲಿನಲ್ಲಿ ಕೂಡಿರುವಂತೆಯೇ ಇದರಲ್ಲಿಯೂ ಒಂದು ಗುಳಿ, ಆ ಗುಳಿಯೊಳಗೆ ಉಕ್ಕಿನ ಒಂದು ಗುಂಡು. ಗುಂಡಿನಿಂದ ಹೊರಟ ಮೊಳೆಯು ಕ್ರಮವಾಗಿ ಸಣ್ಣದಾಗುತ್ತ ಹೋಗಿ, ಗಾಲಿಯ ತೋಳಿನಲ್ಲಿರುವ ಅದೇ ಆಕಾರದ ರಂಧ್ರದೊಳಗೆ ಬಿಗಿಯಾಗಿ ಕೂತಿರುವುದು. ಗಾಲಿಯು ಹಳ್ಳಕ್ಕಿಳಿದು ದಿಣ್ಣೆಗೇರುವಾಗ ಕಂಬಿಯು ಮುರಿಯದೆ ಬಾಗಿಕೊಡಬೇಕು, ಆದರೆ ಎಡಬಲಕ್ಕೆ ಒಂದಿಷ್ಟೂ ಸಡಿಲಬಾರದು; ಈ ಎರಡು ಕೆಲಸಗಳನ್ನೂ ಗುಂಡು ಮತ್ತು ಗುಳಿಗಳೇ ಮಾಡಬೇಕು. ಒಳಗೆ ಗ್ರೀಸು ತುಂಬಿರುವುದು. ಹೊರಗೆ ಧೂಳು ನೀರುಗಳು ಹೋಗದಂತೆ ರಬ್ಬರಿನ ಒಂದು ಕುಪ್ಪಸವಿರುವುದು. ಈ ರಬ್ಬರು ಹಳೆಯದಾಗಿ ಸೀಳಿದರೆ ಒಳಗಿನ ಗ್ರೀಸು ಹೊರಗೂ ಹೊರಗಿನ ಕೆಸರು ಒಳಗೂ ಹೋಗುವುವು. ಆ ಮೇಲೆ ಗುಂಡು ಮಣ್ಣಿನಲ್ಲಿ ತಿರುಗತೊಡಗುವುದು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ, ತೋಟದ ಕೆಂಪು ಕೆಸರಿನಲ್ಲಿ ಓಡಾಡುವ ಗಾಡಿಗೆ ಈ ದುರವಸ್ಥೆ ಬೇಗ ಬರುವುದು ಆಶ್ಚರ್ಯವಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ನಮ್ಮ ಮನೆಯು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿರುವುದು. ನಮ್ಮ ಪಿಕಪ್ಪಿಗೆ ಆಗ 9 ವರ್ಷ ವಯಸ್ಸು. ಅದನ್ನು ನಡೆಸುವವರು ನಮ್ಮ ಮನೆಯ ಹಳೆಯ ಚಾಲಕರು; 19 ವರ್ಷಗಳಿಂದ ನಮ್ಮಲ್ಲಿಯೇ ಇರುವವರು. ಅವರು ಗಾಡಿ ನಡೆಸಿದರೆ ಹಿಂದೆ ಇಟ್ಟ ಮಜ್ಜಿಗೆಯ ಕೊಡವೂ ತುಳುಕದೆಂದು ಊರಿನಲ್ಲಿ ಹೆಸರು. ಮಾಘ ಮಾಸದಲ್ಲಿ ನಮ್ಮ ಅಣ್ಣನವರ ಮಗಳ ಲಗ್ನವು ಘಟ್ಟದ ಕೆಳಗೆ ಹೆಬ್ರಿಯ ಸಮೀಪದಲ್ಲಿ ನಿಶ್ಚಯವಾಗಿದ್ದಿತು. ಹಿತ್ತಾಳೆಯ ಹಂಡೆ ಕೊಪ್ಪರಿಗೆಗಳು, ಅಕ್ಕಿ, ಬಾಳೆಗೊನೆ, ಎಲೆಯ ಕಟ್ಟುಗಳು, ಎಲ್ಲವೂ ನಮ್ಮ ಗಾಡಿಯಲ್ಲಿಯೇ ಆಗುಂಬೆಯ ಘಟ್ಟವನ್ನಿಳಿಯತಕ್ಕದ್ದೆಂದು ಏರ್ಪಾಡಾಗಿದ್ದಿತು. ಆ ಘಟ್ಟದಲ್ಲಿ 14 ಕಡಿದಾದ ತಿರುವುಗಳಿರುವುವು. ಪ್ರತಿಯೊಂದರಲ್ಲಿಯೂ ಒಂದು ಮಗ್ಗುಲಿಗೆ ಬೆಟ್ಟ, ಇನ್ನೊಂದು ಮಗ್ಗುಲಿಗೆ ಕಣಿವೆ.

ಹೊರಡುವುದಕ್ಕೆ ನಾಲ್ಕು ದಿನಗಳ ಹಿಂದೆ ಚಾಲಕರು ಬೇರೆ ಕೆಲಸದ ಮೇಲೆ ಹೋಗಿದ್ದುದರಿಂದ, ನಮ್ಮ ಸೊಸೆಯು ತಾನೇ ಪಿಕಪ್ಪನ್ನು ನಡೆಸಿಕೊಂಡು ಪೇಟೆಗೆ ಹೋಗಿ ಬಂದಳು. ಮದುವೆಯಾಗಿ ನಮ್ಮ ಮನೆಗೆ ಬಂದು ಆಗ ಆಕೆಗೆ ಎಂಟು ತಿಂಗಳು. ತವರಿನಲ್ಲಿ ಗಾಡಿ ನಡೆಸಿ ಅಭ್ಯಾಸವಿದ್ದಿತಾದರೂ ಈ ಗಾಡಿಯನ್ನು ಆಕೆ ಮುಟ್ಟಿದುದು ಅದೇ ಮೊದಲು. ಬಂದವಳೇ ಜಗಲಿಯ ಕಂಬದ ಬಳಿ ನಿಂತು ಸಂಕೋಚದಿಂದ ಹೇಳಿದಳು: “ಮಾವಯ್ಯ, ಗಾಡಿ ಹೇಳಿದ ಮಾತು ಕೇಳುವುದಿಲ್ಲ. ನಾನು ಸ್ಟೇರಿಂಗ್ ತಿರುಗಿಸಿ ಆದ ಮೇಲೆ ಒಂದು ಕ್ಷಣ ಯೋಚನೆ ಮಾಡಿ ತಿರುಗುತ್ತದೆ. ನೇರ ರಸ್ತೆಯಲ್ಲಿಯೂ ಅತ್ತ ಇತ್ತ ಹೋಗುತ್ತದೆ. ಗುಂಡಿಗೆ ಇಳಿದರೆ ಕೆಳಗೆ ಟಕ್ಕೆಂದು ಸದ್ದಾಗುತ್ತದೆ.”

ಸಂಜೆ ಚಾಲಕರು ಬಂದಾಗ ಅವರನ್ನು ಕೇಳಿದೆವು. ಅವರು ಮೀಸೆಯಲ್ಲಿಯೇ ನಕ್ಕು, “ಅದು ಈ ಗಾಡಿಯ ಸ್ವಭಾವವೇ ಹಾಗೆ, ಅಯ್ಯಾ. ತಂಗಿಗೆ ಹೊಸದು. ಎರಡು ದಿನ ಓಡಿಸಿದರೆ ಹೊಂದಿಕೆಯಾಗುತ್ತದೆ” ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವರಿಗೆ ಹೊಂದಿಕೆಯಾಗಿಯೇ ಇದ್ದಿತು. ಅಣ್ಣನವರ ಅಭಿಪ್ರಾಯವು ಬೇರೆ ರೀತಿಯದು: “ಶುಭಕಾರ್ಯ ಮುಗಿಯಲಿ, ಆ ಮೇಲೆ ಗಾಡಿ ಬಿಚ್ಚಿಸಿದರಾಯಿತು. ಮದುವೆಯ ಖರ್ಚಿಗೆಂದು ಇಟ್ಟ ಅಡಿಕೆಯನ್ನು ನಾಳೆಯೇ ಮಂಡಿಗೆ ಮುಟ್ಟಿಸಬೇಕು. ದರ ಇಳಿದರೆ ಯಾರು ಕೊಡುವರು?” ಲಗ್ನಗಳ ಕಾಲವಾದುದರಿಂದ ಬಾಡಿಗೆಗೆ ಬೇರೆ ಗಾಡಿಯೂ ಸಿಕ್ಕುವಂತಿರಲಿಲ್ಲ. ಸರಕಾರದ ಯೋಗ್ಯತಾ ಪತ್ರವು ಆರು ತಿಂಗಳ ಹಿಂದೆಯಷ್ಟೇ ಆಗಿದೆಯಲ್ಲವೇ ಎಂದು ಇನ್ನೊಬ್ಬರು ನೆನಪು ಮಾಡಿದರು. ಹಳೆಯ ಸರಕು ವಾಹನಗಳಿಗೆ ವರ್ಷಕ್ಕೊಮ್ಮೆ ಆ ಪತ್ರವನ್ನು ಪಡೆಯಬೇಕಾಗಿರುವುದೇನೋ ನಿಜ. ಆದರೆ ಅದು ಪರೀಕ್ಷೆ ನಡೆದ ಆ ಒಂದು ದಿನದ ಸಾಕ್ಷಿ. ಆ ಬಳಿಕ ಮಳೆಗಾಲದ ಎಷ್ಟೋ ದಿನಗಳು ಕಳೆದುಹೋಗಿದ್ದುವು.

ನಮಗೆ ಎರಡು ಕಡೆಯೂ ಕಷ್ಟವಾಯಿತು. ಹಣದ ನಷ್ಟವು ಹೇಗೂ ಸಹ್ಯ. ಹಳೆಯ ಚಾಲಕರ ಮಾತನ್ನು ಬದಿಗಿಟ್ಟು ನಿನ್ನೆ ಮೊನ್ನೆ ಬಂದ ಹುಡುಗಿಯ ಮಾತನ್ನು ಎತ್ತಿ ಹಿಡಿದೆವೆಂದು ಅವರಿಗೆ ಮನಸ್ಸು ನೋಯುವುದಲ್ಲವೇ ಎಂಬುದೇ ದೊಡ್ಡ ಚಿಂತೆ. ಕಡೆಗೆ ಮರುದಿನ ಬೆಳಿಗ್ಗೆ ಚಾಲಕರನ್ನೇ ಕರೆದು, “ಘಟ್ಟ ಇಳಿಯುವುದಕ್ಕೆ ಮುಂಚೆ ಗಾಡಿಯನ್ನು ಒಮ್ಮೆ ಮೇಸ್ತ್ರಿಗಳಿಗೆ ತೋರಿಸಿಬಿಡೋಣ. ನೀವು ಜೊತೆಗಿದ್ದೇ ನೋಡಬೇಕು” ಎಂದು ಹೇಳಿ, ಅವರಿಂದಲೇ ಗಾಡಿಯನ್ನು ನಡೆಸಿಸಿಕೊಂಡು ಪೇಟೆಗೆ ಹೋದೆವು. ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ.

ಮೇಸ್ತ್ರಿಯು ಮೊದಲು ಮುಂದಿನ ಟೈರುಗಳ ಅಂಚನ್ನು ಅಂಗೈಯಿಂದ ಸವರಿ ನೋಡಿದನು. ಎಡಗಾಲಿಯ ಒಳಅಂಚು ಗರಗಸದ ಹಲ್ಲಿನಂತೆ ಒರಟಾಗಿದ್ದಿತು. ಬಳಿಕ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದೆತ್ತಿ, ಜಾಕಿಯೊಂದನ್ನೇ ನಂಬದೆ ಕೆಳಗೆ ಗಟ್ಟಿಯಾದ ಆಧಾರವನ್ನಿಟ್ಟನು. ಗಾಲಿಯನ್ನು ಗಡಿಯಾರದ ಮುಖವೆಂದು ಭಾವಿಸಿ 3 ಮತ್ತು 9 ಗಂಟೆಗಳ ಸ್ಥಾನದಲ್ಲಿ ಎರಡು ಕೈಗಳಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದನು. ಟಕ್ ಟಕ್ಕೆಂದಿತು. ಅನಂತರ 12 ಮತ್ತು 6ರ ಸ್ಥಾನದಲ್ಲಿ ಹಿಡಿದು ಅಲುಗಿಸಿದರೆ ಸದ್ದಿಲ್ಲ. ಮೇಲೆ ಕೆಳಗೆ ಅಲುಗಿದ್ದರೆ ಗಾಲಿಯ ಬೇರಿಂಗೋ ತೂಗು ತೋಳಿನ ಕೀಲೋ ಕೆಟ್ಟಿದೆಯೆಂದು ಅರ್ಥ. ಅಡ್ಡಕ್ಕೆ ಅಲುಗಿದರೆ ಕಂಬಿಯ ಕೀಲಿನ ಮೇಲೆ ಮೊದಲ ಸಂಶಯ. “ಸ್ವಾಮಿ, ಇಲ್ಲಿ ಬೆರಳಿಟ್ಟು ನೋಡಿ” ಎಂದನು. ರಬ್ಬರು ಹರಿದು, ಗ್ರೀಸಿದ್ದಲ್ಲಿ ತುಕ್ಕಿನ ಬಣ್ಣದ ಮಣ್ಣು ತುಂಬಿದ್ದಿತು. ಗಾಲಿಯನ್ನು ಅಲುಗಿಸಿದಾಗಲೆಲ್ಲ ಗುಂಡು ಗುಳಿಯೊಳಗೆ ಜಾರುವುದು ನಮ್ಮ ಬೆರಳಿಗೇ ತಿಳಿಯಿತು.

ಈ ಸಡಿಲವು ಅಲ್ಪವೆಂದು ವಾಚಕರು ಎಣಿಸಬಾರದು. ಗಾಲಿಯ ಕಡೆಯ ಒಂದು ಮಿಲಿಮೀಟರಿನ ಸಡಿಲವು ಕೈಚಕ್ರದ ಅಂಚಿಗೆ ಬರುವ ಹೊತ್ತಿಗೆ ಸುಮಾರು ಒಂದು ಅಂಗುಲವಾಗುವುದು. ಸವೆತವು ಇನ್ನೂ ಮುಂದುವರಿದರೆ ಗುಂಡು ಗುಳಿಯಿಂದ ಕಳಚಿಕೊಳ್ಳುವ ಕಾಲವೂ ಉಂಟು. ಆಗ ಆ ಗಾಲಿಗೂ ಚಾಲಕನಿಗೂ ಸಂಬಂಧವೇ ಕಡಿದುಹೋಗುವುದು. ಕೈಚಕ್ರವನ್ನು ಎಷ್ಟು ತಿರುಗಿಸಿದರೂ ಗಾಲಿಯು ತನಗೆ ತೋರಿದ ಕಡೆಗೆ ಹೋಗುವುದು. ಅದು ಆಗುಂಬೆಯ ಯಾವ ತಿರುವಿನಲ್ಲಿ ಆಗಬಹುದಾಗಿದ್ದಿತೆಂದು ಅಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಚಾಲಕರ ಮುಖವು ಬಾಡಿತು. ಮೇಸ್ತ್ರಿಯು ಅದನ್ನು ಕಂಡನೋ ಅಥವಾ ಸಹಜವಾಗಿಯೇ ಹೇಳಿದನೋ, ಅಂತೂ ಅವನ ಮಾತು ನಮ್ಮ ನೆನಪಿನಲ್ಲಿ ಉಳಿದಿದೆ: “ಇಷ್ಟು ದಿನ ಗಾಡಿಯನ್ನು ನೇರ ನಡೆಸಿದ್ದು ಈ ಕೀಲಲ್ಲ ಸ್ವಾಮಿ, ಇವರ ಕೈ. ಬೇರೆಯವರಾಗಿದ್ದರೆ ಎಂದೋ ಚರಂಡಿಗೆ ಇಳಿಸಿರುತ್ತಿದ್ದರು. ಆದರೆ ಒಳ್ಳೆಯ ಕೈಯವರಿಗೆ ಇದೇ ಕಷ್ಟ, ನೋಡಿ. ಕೀಲು ಒಂದು ಕೂದಲು ಸವೆದರೆ ಕೈ ಒಂದು ಕೂದಲು ಹೆಚ್ಚು ತಿರುಗಿಸುತ್ತದೆ. ಕಡೆಗೆ ಕೀಲು ಹೋದದ್ದೇ ಗೊತ್ತಾಗುವುದಿಲ್ಲ.” ಚಾಲಕರು ಏನೂ ಹೇಳದೆ ಬಾಗಿ, ತಾವೂ ಆ ಗಾಲಿಯನ್ನು ಹಿಡಿದು ಎರಡು ಸಲ ಅಲುಗಿಸಿ ನೋಡಿದರು. ಬಳಿಕ ಅಂಗಿಯ ತೋಳು ಮಡಿಸಿ ಕೆಲಸಕ್ಕೆ ಕೈಕೊಟ್ಟರು.

ಕೀಲನ್ನು ಬದಲಾಯಿಸುವ ಕೆಲಸದಲ್ಲಿ ಗೃಹಸ್ಥರು ತಿಳಿದಿರತಕ್ಕ ಕೆಲವು ಅಂಶಗಳಿವೆ. ಮೊಳೆಯ ತುದಿಯ ನಟ್ಟಿಗೆ ಕೋಟೆಯ ತೆನೆಗಳಂತೆ ಕಚ್ಚುಗಳಿದ್ದು, ಅವುಗಳ ನಡುವೆ ಮೊಳೆಯನ್ನು ತೂರಿಕೊಂಡು ಒಂದು ಸೀಳುಪಿನ್ನು ಹೋಗಿರುವುದು. ಮೊದಲು ಅದನ್ನು ತೆಗೆದರು. ನಟ್ಟು ಬಿಚ್ಚಿದ ಮಾತ್ರಕ್ಕೆ ಮೊಳೆಯು ರಂಧ್ರದಿಂದ ಬಿಡಲಿಲ್ಲ. ವರ್ಷಗಳ ಭಾರವು ಅದನ್ನು ಕಚ್ಚಿ ಹಿಡಿದಿದ್ದಿತು. ಮೇಸ್ತ್ರಿಯು ಮೊಳೆಯ ತಲೆಗೆ ಹೊಡೆಯಲಿಲ್ಲ. ರಂಧ್ರವಿರುವ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಗಟ್ಟಿ ಪೆಟ್ಟು ಕೊಟ್ಟನು. ಮೊಳೆಯು ತಾನಾಗಿ ಕೆಳಗಿಳಿಯಿತು. ಅನಂತರ ಹಳೆಯ ಕೀಲನ್ನು ಕಂಬಿಯಿಂದ ತಿರುಗಿಸಿ ಕಳಚುವಾಗ, ಎಷ್ಟು ಸುತ್ತು ಬಂದಿತೆಂಬುದನ್ನು ಚಾಲಕರು ಗಟ್ಟಿಯಾಗಿ ಎಣಿಸಿದರು, 17 ಸುತ್ತು. ಹೊಸದನ್ನೂ 17 ಸುತ್ತು ತಿರುಗಿಸಿಯೇ ಕೂಡಿಸಿದರು. ಕಂಬಿಯ ಉದ್ದವು ಬದಲಾದರೆ ಗಾಲಿಗಳ ಮುಖವೇ ಬದಲಾಗುವುದರಿಂದ ಈ ಎಣಿಕೆ ಅವಶ್ಯಕವಾದುದು.

ಹೊಸ ನಟ್ಟನ್ನು ಬಿಗಿಸಿದ ಮೇಲೆ ಅದರ ಕಚ್ಚಿಗೂ ಮೊಳೆಯ ರಂಧ್ರಕ್ಕೂ ಹೊಂದಿಕೆಯಾಗದಿದ್ದರೆ ಮುಂದಿನ ಕಚ್ಚಿನವರೆಗೆ ಇನ್ನೂ ಬಿಗಿಸಬೇಕೇ ಹೊರತು ಎಂದಿಗೂ ಹಿಂದಕ್ಕೆ ಸಡಿಲಿಸಬಾರದು. ಸೀಳುಪಿನ್ನನ್ನು ಹೊಸದನ್ನೇ ಹಾಕಬೇಕು; ಒಮ್ಮೆ ಬಾಗಿಸಿ ನೆಟ್ಟಗೆ ಮಾಡಿದ ಪಿನ್ನು ಮತ್ತೊಮ್ಮೆ ಬಾಗುವಾಗ ಮುರಿಯುವ ಸಂಭವವುಂಟು. ಕೆಲವೇ ಕಾಸಿನ ಈ ಪಿನ್ನನ್ನು ಕೈಯಲ್ಲಿ ಹಿಡಿದಾಗ ನಮಗೆ ಹರಿಕಥೆಗಳಲ್ಲಿ ಕೇಳಿದ ಕೈಕೇಯಿಯ ಪ್ರಸಂಗವು ನೆನಪಿಗೆ ಬಂದಿತು. ಯುದ್ಧದ ನಡುವೆ ದಶರಥನ ರಥದ ಕಡೆಗೀಲು ಬಿದ್ದುಹೋಗಲು ಆಕೆಯು ತನ್ನ ಬೆರಳನ್ನೇ ಕೀಲಾಗಿ ಇಟ್ಟು ಪತಿಯನ್ನುಳಿಸಿದಳಂತೆ. ಬೆರಳನ್ನಿಡುವ ಧೈರ್ಯವು ದೊಡ್ಡದು. ಹೊರಡುವ ಮುನ್ನ ಕೀಲನ್ನು ನೋಡಿಕೊಳ್ಳುವ ಎಚ್ಚರವು ನಮ್ಮಂತಹ ಸಾಮಾನ್ಯರಿಗೂ ಸಾಧ್ಯವಾದುದು.

ಬಲಗಾಲಿಯ ಕೀಲಿನ ರಬ್ಬರೂ ಬಿರುಕು ಬಿಟ್ಟಿದ್ದುದರಿಂದ ಅದನ್ನೂ ಜೊತೆಯಲ್ಲಿಯೇ ಬದಲಾಯಿಸಿದೆವು. ಎರಡು ಕೀಲುಗಳ ಬೆಲೆಯೂ ಕೂಡಿ ಒಂದು ಹೊಸ ಟೈರಿನ ಬೆಲೆಗೆ ಬಹಳ ಕಡಮೆಯಾಗಿದ್ದಿತು. ಸುತ್ತು ಎಣಿಸಿ ಹಾಕಿದ್ದರೂ ಅಷ್ಟಕ್ಕೇ ಬಿಡದೆ, ಮುಂಗಾಲಿಗಳ ನೇರವನ್ನು ಯಂತ್ರದಲ್ಲಿ ಅಳೆದು ಸರಿಪಡಿಸುವ ಅಂಗಡಿಗೂ ಹೋದೆವು. ಅದಿಲ್ಲದಿದ್ದರೆ ಹೊಸ ಟೈರುಗಳು ಕೂಡ ಕೆಲವೇ ತಿಂಗಳಲ್ಲಿ ಒಂದು ಅಂಚು ತೇಯ್ದು ಹಾಳಾಗುವುವು. ಇಷ್ಟಾಗುವಾಗ ಸಂಜೆಯಾಯಿತು. ಅಡಿಕೆಯು ಮಂಡಿಗೆ ಒಂದು ದಿನ ತಡವಾಗಿ ಮುಟ್ಟಿತು.

ಹಿಂದಿರುಗುವಾಗ ಒಂದು ವಿನೋದವಾಯಿತು. ನೇರವಾದ ರಸ್ತೆಯಲ್ಲಿ ಗಾಡಿಯು ಹಾವಿನಂತೆ ಹರಿಯತೊಡಗಿತು! ಚಾಲಕರು ಗಾಬರಿಯಾಗಿ ನಿಲ್ಲಿಸಿದರು. ಕೀಲು ಸರಿಯಾಗಿಯೇ ಇದ್ದಿತು, ಸರಿಯಾಗಬೇಕಾದುದು ಕೈ. ಅದು ತಿಂಗಳುಗಟ್ಟಲೆಯಿಂದ ಕಲಿತ ಹೆಚ್ಚಿನ ತಿರುವನ್ನು ಇನ್ನೂ ತಿರುಗಿಸುತ್ತಲೇ ಇದ್ದಿತು. ವಿಷಯವು ಹೊಳೆದೊಡನೆ ಅವರು ಹೊಟ್ಟೆತುಂಬ ನಕ್ಕರು. ಬೆಳಗಿನಿಂದ ಅವರು ನಕ್ಕುದು ಅದೇ ಮೊದಲು. ಮನೆ ಸೇರಿದ ಮೇಲೆ ಸೊಸೆಯನ್ನು ಕರೆದು, ಹಳೆಯ ಕೀಲನ್ನು ಆಕೆಯ ಕೈಗಿಟ್ಟು ಅಲುಗಿಸಿ ತೋರಿಸಿ, “ನೀನು ಹೇಳಿದ್ದು ಇದನ್ನೇ, ತಂಗೀ. ಇನ್ನು ಮೇಲೆ ತಿಂಗಳಿಗೊಂದು ಸಲ ಗಾಡಿಯನ್ನು ನೀನು ಓಡಿಸಿ ನನಗೆ ಹೇಳಬೇಕು” ಎಂದರು. ಆ ಕ್ರಮವು ನಮ್ಮ ಮನೆಯಲ್ಲಿ ಇಂದಿಗೂ ನಡೆದುಬಂದಿದೆ.

ಘಟ್ಟದ ಪ್ರಯಾಣದ ವಿಷಯವಾಗಿ ಬರೆಯತಕ್ಕದ್ದೇನೂ ಇಲ್ಲ. ಗಾಡಿಯು ಇಳಿಯಿತು, ಹಂಡೆಗಳು ಮುಟ್ಟಿದುವು, ಲಗ್ನವು ಸಾಂಗವಾಗಿ ನಡೆಯಿತು. ಎಚ್ಚರದ ಫಲವು ಹೀಗೆಯೇ. ಹೇಳಿಕೊಳ್ಳಲು ಕಥೆ ಹುಟ್ಟುವುದಿಲ್ಲ. ಅಣ್ಣನವರು ಒಂದು ದಿನದ ಅಡಿಕೆಯ ದರವನ್ನು ಈಗಲೂ ಆಗಾಗ್ಗೆ ಲೆಕ್ಕ ಹಾಕುವುದುಂಟು. ಅದಕ್ಕೆ ನಾವು ಪ್ರತಿ ಹೇಳುವುದಿಲ್ಲ; ತಪ್ಪಿದ ಅಪಾಯವನ್ನು ಯಾವ ಲೆಕ್ಕದಲ್ಲಿ ಬರೆದು ತೋರಿಸಲಾದೀತು?

ಗಾಡಿಯುಳ್ಳ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ತಿಂಗಳಿಗೊಮ್ಮೆ ಮುಂಗಾಲಿಗಳ ಹಿಂದೆ ಬಾಗಿ ಕೀಲುಗಳ ರಬ್ಬರು ಸೀಳಿದೆಯೇ ನೋಡಿರಿ. ಟೈರಿನ ಎರಡು ಅಂಚುಗಳನ್ನೂ ಕೈಯಿಂದ ಸವರಿರಿ. ಮಳೆಗಾಲ ಮುಗಿದೊಡನೆ ಒಮ್ಮೆ ಗಾಲಿಗಳನ್ನೆತ್ತಿಸಿ ಅಲುಗಿಸಿ ನೋಡಿಸಿರಿ. ಇವೆಲ್ಲಕ್ಕಿಂತ ಮಿಗಿಲಾಗಿ, ಆ ಗಾಡಿಗೆ ಹೊಸಬರಾದವರು ಏನಾದರೂ ಅಂದರೆ, ಅವರ ವಯಸ್ಸನ್ನೂ ಅನುಭವವನ್ನೂ ತೂಗದೆ ಕಿವಿಗೊಡಿರಿ. ಮನೆಯ ವಿಷಯದಲ್ಲಿಯೂ ಈ ಮಾತು ಸಲ್ಲುವುದೆಂದು ನಮಗೆ ತೋರುತ್ತದೆ. ಹೊಸದಾಗಿ ಬಂದ ಸೊಸೆಯು, ರಜೆಗೆ ಬಂದ ಮೊಮ್ಮಗನು, “ಇಲ್ಲೇಕೆ ಹೀಗೆ?” ಎಂದು ಕೇಳಿದಾಗ, “ನಮ್ಮಲ್ಲಿ ಅದು ಹಾಗೆಯೇ” ಎಂದು ಹೇಳಿಬಿಡುವುದು ಸುಲಭ. ಹಾಗೆ ಹೇಳುವುದಕ್ಕೆ ಮೊದಲು ಒಂದು ಸಲ ಎದ್ದು ಹೋಗಿ, ಅವರು ತೋರಿಸಿದುದನ್ನು ಕೈಯಿಂದ ಮುಟ್ಟಿ ಅಲುಗಿಸಿ ನೋಡುವುದು ಒಳ್ಳೆಯದು.